ಕೋಣೆಯ ಮೇಲಿನ ತಂತಿಯ ವಿಚಾರ

(ರೈತರ ಮಾಸಿಕ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಪ್ರತಿ ತಿಂಗಳ ಸಭೆಯಲ್ಲಿ ನಾನು ಬೀಜೋಪಚಾರವನ್ನೋ, ಕಾಂಪೋಸ್ಟ್ ಗುಂಡಿಯನ್ನೋ ಕುರಿತು ನಾಲ್ಕು ಮಾತು ಹೇಳುವುದು ರೂಢಿ. ಇಂದು ಆ ರೂಢಿಯನ್ನು ಬದಿಗಿಟ್ಟು ನನ್ನ ಸ್ವಂತದ ಒಂದು ಸಂಗತಿಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ಹಿತ್ತಿಲ ತೆಂಗಿನ ಮರದಿಂದ ಹೊರಟು, ನನ್ನ ಕೋಣೆಯ ಹೆಂಚಿನ ಮೇಲೆ ಹಾದು, ಕಣದ ಬದಿಯ ಬೇವಿನ ಮರಕ್ಕೆ ಕಟ್ಟಿರುವ ತಾಮ್ರದ ತಂತಿಯನ್ನು ತಾವೆಲ್ಲರೂ ಕಂಡಿದ್ದೀರಿ. ಆ ತಂತಿಯ ವಿಚಾರವೇ ಇಂದಿನ ನನ್ನ ಮಾತು.

ಈ ತಂತಿಯನ್ನು ನಾನು ಕಟ್ಟಿದ್ದು 2023ರ ಬೇಸಿಗೆಯಲ್ಲಿ. ಆ ವರ್ಷ ಏನಾಯಿತೆಂಬುದನ್ನು ತಮಗೆ ನಾನು ನೆನಪಿಸಬೇಕಾಗಿಲ್ಲ. ಬಿತ್ತಿದ ರಾಗಿ ಗೇಣುದ್ದ ಬೆಳೆದು ಸುರುಟಿಕೊಂಡಿತು. ಕಡಲೆಕಾಯಿ ಗಿಡ ಹೂ ಬಿಟ್ಟರೂ ಬುಡದಲ್ಲಿ ಕಾಯಿ ಕಟ್ಟಲಿಲ್ಲ. ಸರ್ಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿತು. ಆಗಲೇ ಊರಿನಲ್ಲಿ ಒಂದು ಮಾತು ಹುಟ್ಟಿತು. ಬೆಟ್ಟದ ಮೇಲಿನ ಗಾಳಿಯಂತ್ರಗಳು ಮೋಡವನ್ನು ಓಡಿಸುತ್ತವೆಂದು ಬೇರೆ ಸೀಮೆಗಳಲ್ಲಿ ಹೇಳುವುದನ್ನು ತಾವು ಕೇಳಿರಬಹುದು. ನಮ್ಮೂರಿನಲ್ಲಿ ಗಾಳಿಯಂತ್ರ ಇರಲಿಲ್ಲ, ನನ್ನ ತಂತಿ ಇತ್ತು.

ನಾನು ದಿನವೂ ಹಾಲು ಕೊಳ್ಳುವ ಮನೆಯ ಅಜ್ಜಿ ಒಂದು ಬೆಳಿಗ್ಗೆ ನೇರವಾಗಿಯೇ ಕೇಳಿದರು: "ಏನ್ ಮಗಾ, ನಿನ್ನ ತಂತಿ ಮೋಡ ಓಡಿಸ್ತದಂತೆ, ನಿಜವಾ?"

"ಇಲ್ಲ ಅಜ್ಜೀ," ಎಂದೆ.

"ಹಂಗಾದ್ರೆ ಮಳೆ ಯಾಕೆ ಬರ್ಲಿಲ್ಲ?"

ಈ ಪ್ರಶ್ನೆಗೆ ಒಂದು ಮಾತಿನ ಉತ್ತರ ನನ್ನಲ್ಲಿರಲಿಲ್ಲ. ಶಾಂತ ಮಹಾಸಾಗರದ ನೀರು ಕಾವೇರಿದ್ದನ್ನು ಹಾಲಿನ ಚೊಂಬು ಹಿಡಿದು ನಿಂತು ವಿವರಿಸುವುದು ಹೇಗೆ? ಎರಡು ದಿನ ಕಳೆದ ಮೇಲೆ ಮನೆಯ ಯಜಮಾನರು ಬಂದು, "ಸ್ವಾಮಿ, ನಾನು ಇದನ್ನೆಲ್ಲ ನಂಬೋನಲ್ಲ, ಆದ್ರೆ ಜನರ ಬಾಯಿ ಮುಚ್ಚೋಕಾಗಲ್ಲ, ಸ್ವಲ್ಪ ದಿನ ಇಳಿಸಿಬಿಡಿ," ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು. ಆಗಸ್ಟ್ ತಿಂಗಳ ಕೊನೆಯಲ್ಲಿ ನಾನು ತಂತಿಯನ್ನು ಬಿಚ್ಚಿ ಸುತ್ತಿಟ್ಟೆ. ಎಂಟು ದಿನ ಅದು ಮಂಚದ ಕೆಳಗೆ ಬಿದ್ದಿತ್ತು. ಹನಿ ಮಳೆ ಬೀಳಲಿಲ್ಲ. ಒಂಬತ್ತನೆಯ ದಿನ ಯಜಮಾನರೇ ತೆಂಗಿನ ಮರ ಹತ್ತುವ ಆಳನ್ನು ಕರೆತಂದು, "ಕಟ್ಟಿಕೊಳ್ಳಿ ಸ್ವಾಮಿ," ಎಂದರು.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ಎಂಟು ದಿನಗಳಲ್ಲಿ ಆಕಸ್ಮಿಕವಾಗಿ ಒಂದು ಹದ ಮಳೆ ಬಿದ್ದಿದ್ದರೆ ನನ್ನ ತಂತಿ ಮತ್ತೆ ಮೇಲೇರುತ್ತಿರಲಿಲ್ಲ. ನಾನು ಎಷ್ಟು ಓದಿದ್ದೇನೆಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ಆಗಸ್ಟಿನಲ್ಲಿ ಇಡೀ ದೇಶದಲ್ಲಿಯೇ ಮಳೆ ಕೈಕೊಟ್ಟಿತ್ತು. 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ತಿಂಗಳು ದಾಖಲೆಯಲ್ಲಿಲ್ಲ. ಬೇವಿನ ಮರಕ್ಕೆ ಕಟ್ಟಿದ ಒಂದು ತಂತಿ ಇಡೀ ಹಿಂದೂಸ್ಥಾನದ ಮೋಡವನ್ನು ಓಡಿಸುವಷ್ಟು ಶಕ್ತಿಯುಳ್ಳದ್ದಾಗಿದ್ದರೆ ನಾನು ನಿಮ್ಮೂರಿನಲ್ಲಿ ಗ್ರಾಮಸೇವಕನಾಗಿ ಸೈಕಲ್ ತುಳಿಯುತ್ತಿರಲಿಲ್ಲ.

ಈಗ ಮತ್ತೆ ಆ ಮಾತೆತ್ತಲು ಕಾರಣವಿದೆ. ನಮ್ಮ ಯುವಕ ಮಂಡಲದ ಒಬ್ಬ ಹುಡುಗ ತನ್ನ ಮನೆಯ ಮೇಲೂ ಇಂಥ ತಂತಿ ಕಟ್ಟಬೇಕೆಂದಿದ್ದಾನೆ. ಅವನ ತಂದೆಯವರು ಇಲ್ಲಿಯೇ ಕುಳಿತಿದ್ದಾರೆ. ಹಳೆಯ ಮಾತು ಮತ್ತೆ ಏಳುತ್ತದೆಂಬ ಅಳುಕು ಅವರಿಗಿದೆ. ಅವರ ಮನಸ್ಸಿನಲ್ಲಿರುವುದು ತಮ್ಮಲ್ಲಿ ಹಲವರ ಮನಸ್ಸಿನಲ್ಲಿಯೂ ಇರಬಹುದು.

ಆ ತಂತಿಯಿಂದ ನಾನು ಮಾಡುವುದು ಇಷ್ಟೆ. ಅದರ ನಡುಮಧ್ಯದಿಂದ ಒಂದು ಕೇಬಲ್ಲು ಕೋಣೆಯೊಳಕ್ಕೆ ಇಳಿದು ಮೇಜಿನ ಮೇಲಿನ ಸಣ್ಣ ಪೆಟ್ಟಿಗೆಗೆ ಸೇರಿದೆ. ಪೆಟ್ಟಿಗೆ ಎರಡು ಸೇರಿನ ಡಬ್ಬಿಯಷ್ಟಿದೆ. ಆಕಾಶವಾಣಿಯ ರೇಡಿಯೋ ಕೇಳಲು ಮಾತ್ರ ಬರುತ್ತದೆ. ಇದರಲ್ಲಿ ಕೇಳಲೂಬಹುದು, ಮರಳಿ ಮಾತನಾಡಲೂಬಹುದು. ಇದನ್ನು ಹವ್ಯಾಸಿ ರೇಡಿಯೋ ಎನ್ನುತ್ತಾರೆ. ಇದನ್ನು ನಡೆಸುವವರಿಗೆ ಲೋಕದ ಎಲ್ಲ ಕಡೆಯಲ್ಲೂ ಹ್ಯಾಮ್ ಎಂದು ಹೆಸರು. ನಮ್ಮ ಪ್ರಧಾನಮಂತ್ರಿಗಳಾಗಿದ್ದ ರಾಜೀವ ಗಾಂಧಿಯವರೂ ಲೈಸೆನ್ಸ್ ಪಡೆದ ಹ್ಯಾಮ್ ಆಗಿದ್ದರು. ದೊಡ್ಡ ಯಂತ್ರಗಳನ್ನಿಟ್ಟು 100 ವಾಟ್, 400 ವಾಟ್ ಶಕ್ತಿಯಲ್ಲಿ ಮಾತನಾಡುವವರಿದ್ದಾರೆ. ನಾನು ಬಳಸುವುದು 5 ವಾಟ್. ಬೇಕೆಂದೇ ಕಡಮೆ ಶಕ್ತಿಯಲ್ಲಿ ದೂರ ಮುಟ್ಟುವುದರಲ್ಲಿ ಸುಖ ಕಾಣುವ ಒಂದು ಪಂಗಡವಿದೆ. ನಾನು ಆ ಪಂಗಡದವನು.

5 ವಾಟ್ ಎಂದರೆ ಎಷ್ಟು? ತಮ್ಮ ಬೋರ್‌ವೆಲ್ಲಿನ 5 ಎಚ್.ಪಿ. ಮೋಟರು ಸುಮಾರು 3,700 ವಾಟ್ ಶಕ್ತಿಯದು. ಅದೊಂದರ ಶಕ್ತಿಯನ್ನು ಹಂಚಿದರೆ ನನ್ನಂಥ 740 ಜನಕ್ಕೆ ಸಾಕು. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರಯಂತ್ರದ ಶಕ್ತಿ 200 ಕಿಲೋವಾಟ್. ಅದು ನನ್ನದರ 40,000 ಪಟ್ಟು. ಅಷ್ಟೇಕೆ, ಕಣದಲ್ಲಿ ರಾಗಿ ಒಣಗಲು ಹರಡುತ್ತೀರಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಒಂದೊಂದು ಚದರ ಮೀಟರಿನ ಮೇಲೂ ಸೂರ್ಯನಾರಾಯಣ ಸುಮಾರು 1,000 ವಾಟ್ ಸುರಿಯುತ್ತಾನೆ. ಅಷ್ಟು ಶಕ್ತಿಗೆ ಓಡದ ಮೋಡ ನನ್ನ 5 ವಾಟಿಗೆ ಓಡೀತೆ?

ಹಾಗಾದರೆ ಇಷ್ಟು ಸಣ್ಣ ಶಕ್ತಿ ದೂರ ಹೋಗುವುದು ಹೇಗೆಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಭೂಮಿಯಿಂದ ಸುಮಾರು 250–300 ಕಿಲೋಮೀಟರು ಎತ್ತರದಲ್ಲಿ, ಸೂರ್ಯನ ಕಿರಣಗಳಿಂದ ವಿದ್ಯುದಾವೇಶಗೊಂಡ ಗಾಳಿಯ ಒಂದು ಪದರವಿದೆ. ಕೆರೆಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ನೀರಿನ ಮೇಲೆ ಪುಟಿಯುವಂತೆ ಕೆಲವು ಬಗೆಯ ರೇಡಿಯೋ ಅಲೆಗಳು ಆ ಪದರಕ್ಕೆ ತಾಗಿ ಮರಳಿ ಭೂಮಿಗೆ ಇಳಿಯುತ್ತವೆ, ನೆಲಕ್ಕೆ ತಾಗಿ ಮತ್ತೆ ಮೇಲೇರುತ್ತವೆ. ಇನ್ನು ಮಳೆಯ ಮೋಡ ಎಷ್ಟೇ ಎತ್ತರಕ್ಕೆ ಕಟ್ಟಿದರೂ ಹದಿನೈದಿಪ್ಪತ್ತು ಕಿಲೋಮೀಟರು ದಾಟದು. ನನ್ನ ಅಲೆ ಅದರೊಳಗೆ ಹಾದುಹೋಗುತ್ತದೆ. ಅದು ಇದ್ದದ್ದೂ ಹೋದದ್ದೂ ಮೋಡಕ್ಕೆ ತಿಳಿಯುವುದೇ ಇಲ್ಲ.

ಹಗಲು ಹೊತ್ತಿನಲ್ಲಿ 60ರಿಂದ 90 ಕಿಲೋಮೀಟರು ಎತ್ತರದಲ್ಲಿ ಇನ್ನೊಂದು ಪದರ ಏರ್ಪಟ್ಟು ಅಲೆಗಳನ್ನು ಒಂದಿಷ್ಟು ನುಂಗಿಬಿಡುತ್ತದೆ. ಆದುದರಿಂದ ನಾನು ಹೆಚ್ಚಾಗಿ ಬಳಸುವ 7 ಮೆಗಾಹರ್ಟ್ಸ್ ಅಲೆಯಲ್ಲಿ ಹಗಲು ಮಾತು ಮುನ್ನೂರು ನಾನೂರು ಕಿಲೋಮೀಟರು ಸುತ್ತಳತೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಸಂಜೆ ಆ ಪದರ ಕರಗುತ್ತದೆ, ಆಗ ದೂರದ ದನಿಗಳು ಕೇಳತೊಡಗುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ನಾನು ತಮ್ಮ ಜಗುಲಿಯಿಂದ ಆತುರವಾಗಿ ಎದ್ದುಹೋಗುವುದು ಇದಕ್ಕೇ ಹೊರತು ಬೇಸರದಿಂದಲ್ಲ.

ಶಕ್ತಿ ಕಡಮೆಯಾದರೆ ದನಿಯೂ ಅಷ್ಟೇ ಪಾಲು ಕುಗ್ಗುತ್ತದೆಂದು ನಾನೂ ಮೊದಲು ತಿಳಿದಿದ್ದೆ. ಹಾಗಲ್ಲ. ಕೇಳುವವನ ಯಂತ್ರದಲ್ಲಿ ದನಿಯ ಬಲವನ್ನು ಅಂಕಗಳಲ್ಲಿ ಅಳೆಯುತ್ತಾರೆ. ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಒಂದು ಅಂಕ ಮಾತ್ರ ಏರುತ್ತದೆ. 100 ವಾಟಿನವನಿಗೂ 5 ವಾಟಿನವನಿಗೂ ನಡುವೆ ಇರುವುದು ಸುಮಾರು ಎರಡು ಅಂಕ. ಎಕರೆಗೆ ಒಂದು ಚೀಲ ಯೂರಿಯಾ ಹಾಕಿದವನ ಬೆಳೆ ಅರ್ಧ ಚೀಲ ಹಾಕಿದವನ ಬೆಳೆಯ ಎರಡರಷ್ಟು ಆಗದೆಂದು ಇದೇ ಜಾಗದಲ್ಲಿ ನಿಂತು ನಾನು ಎಷ್ಟು ಸಲ ಹೇಳಿಲ್ಲ! ಇದೂ ಅದೇ ಜಾತಿಯ ಲೆಕ್ಕ. ಶಕ್ತಿಗಿಂತ ತಂತಿಯನ್ನು ಸರಿಯಾದ ಅಳತೆಗೆ ಕತ್ತರಿಸಿ ಸರಿಯಾಗಿ ಕಟ್ಟುವುದು ಹೆಚ್ಚು ಫಲ ಕೊಡುತ್ತದೆ.

ಈ ಅಲೆಗಳ ಚರಿತ್ರೆ ತಮಗೆ ಹಿಡಿಸೀತು. ಅಮೆರಿಕದಲ್ಲಿ 1912ರಲ್ಲಿ ರೇಡಿಯೋ ಕಾಯಿದೆ ಬಂದಾಗ, ಉದ್ದನೆಯ ಅಲೆಗಳೇ ದೂರ ಹೋಗುವುವೆಂದು ನಂಬಿ ಅವನ್ನು ಸರ್ಕಾರಕ್ಕೂ ಕಂಪನಿಗಳಿಗೂ ಇಟ್ಟುಕೊಂಡು, 200 ಮೀಟರಿಗಿಂತ ಗಿಡ್ಡನೆಯ ಅಲೆಗಳನ್ನು ಕೆಲಸಕ್ಕೆ ಬಾರದವೆಂದು ಹವ್ಯಾಸಿಗಳಿಗೆ ಬಿಟ್ಟರು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಸಣ್ಣವನಿಗೆ ಕಲ್ಲುಬೀಳು ಕೊಟ್ಟಂತಾಯಿತು. ಆ ಬೀಳಿನಲ್ಲಿ ಹವ್ಯಾಸಿಗಳು ಗೇಯ್ದರು. 1923ರಲ್ಲಿ ಅಮೆರಿಕದ ಒಬ್ಬ ಹವ್ಯಾಸಿಯೂ ಫ್ರಾನ್ಸಿನ ಒಬ್ಬ ಹವ್ಯಾಸಿಯೂ ಸುಮಾರು 110 ಮೀಟರಿನ ಗಿಡ್ಡ ಅಲೆಯಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಈಚೆ ಪರಸ್ಪರ ಸಂದೇಶ ಮಾತನಾಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಆ ಬೀಳಿನ ಮೇಲೆ ಬಿತ್ತು. ಮುಂದೆ ಏನಾಗುತ್ತದೆಂಬುದನ್ನು ಜಮೀನಿನ ವ್ಯವಹಾರ ಬಲ್ಲ ತಮಗೆ ಹೇಳಬೇಕಾಗಿಲ್ಲ. ಹವ್ಯಾಸಿಗಳಿಗೆ ಅದರಲ್ಲಿ ಕೆಲವು ಪಟ್ಟೆಗಳು ಮಾತ್ರ ಉಳಿದವು.

ನಮ್ಮ ನಾಡಿಗೂ ಸಣ್ಣ ಶಕ್ತಿಯ ರೇಡಿಯೋಗೂ ಹಳೆಯ ನಂಟಿದೆ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಮನೆಯಲ್ಲಿ 30 ವಾಟಿನ ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯ ನಿಲಯದ್ದು. ದೇಶದ ರೇಡಿಯೋಗೆ ಅದು ಬಂದದ್ದು ತರುವಾಯ. ಬೆಳಿಗ್ಗೆ ಪ್ರದೇಶ ಸಮಾಚಾರ ಕೇಳುವಾಗ ತಾವು ಉಚ್ಚರಿಸುವ ಹೆಸರು 30 ವಾಟಿನಲ್ಲಿ ಹುಟ್ಟಿತೆಂಬುದು ನನಗಂತೂ ಹೆಮ್ಮೆ.

ನನ್ನ ಪೆಟ್ಟಿಗೆಯನ್ನು ನಾನೇ ಕಟ್ಟಿದೆ. ಕೃಷಿ ಡಿಪ್ಲೊಮಾ ಓದಿದವನಿಗೆ ಇದು ಹೇಗೆ ಬಂತೆಂದು ಆಶ್ಚರ್ಯಪಡಬೇಡಿ. ನಕ್ಷೆ ಮಾಡಿದವರು ಹೈದರಾಬಾದಿನ ಅಷರ್ ಫರ್ಹಾನ್ ಎಂಬ ಹವ್ಯಾಸಿ. 2000ದ ದಶಕದ ಮೊದಲ ವರ್ಷಗಳಲ್ಲಿ ಅವರು ಬಿಟ್‌ಎಕ್ಸ್ ಎಂಬ ಯಂತ್ರದ ನಕ್ಷೆಯನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲೆಂದು ಪ್ರಕಟಿಸಿದರು. ಪರದೇಶದಿಂದ ತರಿಸುವ ಬಿಡಿಭಾಗಗಳು ನಮ್ಮವರ ಕೈಗೆ ಸಿಗುವುದಿಲ್ಲವೆಂದು ತಿಳಿದು, ಸಾಮಾನ್ಯ ಅಂಗಡಿಯಲ್ಲಿ ದೊರೆಯುವ ಟ್ರಾನ್ಸಿಸ್ಟರುಗಳಿಂದಲೇ ಎಲ್ಲವನ್ನೂ ಹೊಂದಿಸಿದರು. ತಂತಿಯ ಸುರುಳಿ ಸುತ್ತುವುದಕ್ಕೆ ಅವರು ಬಳಸಿದ್ದು ನಲ್ಲಿಯ ವಾಷರು! ನಲ್ಲಿ ಸೋರಿದಾಗ ತಾವು ಬದಲಾಯಿಸುವ ಅದೇ ವಾಷರು. ಆಮೇಲೆ 2016ರ ಸುಮಾರಿಗೆ ಇದರ ತಯಾರಾದ ಹಲಗೆಗಳೇ ಮಾರಾಟಕ್ಕೆ ಬಂದವು. ಅವುಗಳ ಸುರುಳಿಗಳನ್ನು ಹೈದರಾಬಾದಿನ ಹೆಂಗಸರ ಒಂದು ಗುಂಪು ಕೈಯಿಂದ ಸುತ್ತಿತು. ಲೋಕದ ನಾನಾ ದೇಶಗಳ ಹವ್ಯಾಸಿಗಳು ಅದನ್ನು ತರಿಸಿಕೊಂಡರು.

ನಾನು ಹಳೆಯ ನಕ್ಷೆಯನ್ನೇ ಹಿಡಿದು, ರಾತ್ರಿ ಹೊತ್ತು ಕುಳಿತು, ಐದು ತಿಂಗಳಲ್ಲಿ ಮುಗಿಸಿದೆ. ಮೊದಲ ಸಲ ಬ್ಯಾಟರಿ ಜೋಡಿಸುವಾಗ ಕೆಂಪು ಕಪ್ಪು ತಂತಿಗಳನ್ನು ಅದಲುಬದಲು ಮಾಡಿ, ಕಣ್ಣೆದುರಿಗೆ ಹೊಗೆ ಎದ್ದು, ಎರಡು ತಿಂಗಳ ಕೆಲಸ ಸುಟ್ಟಿತು. ಅಂದು ರಾತ್ರಿ ನಾನು ಊಟ ಮಾಡಲಿಲ್ಲ. ಮೋಟರು ಸುಟ್ಟಾಗ ತಮಗೆ ಹೇಗಾಗುತ್ತದೆಂಬುದು ನನಗೆ ಅಂದು ಗೊತ್ತಾಯಿತು.

ಬ್ಯಾಟರಿ ಎಂದೆನಲ್ಲ, ಅದು ಬೆನ್ನಿಗೆ ಹೊರುವ ಔಷಧಿ ಸಿಂಪಡಣೆಯ ಪಂಪಿನದು. 12 ವೋಲ್ಟಿನ ಆ ಬ್ಯಾಟರಿ ಈ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ. ಕೇಳುವಾಗ ಬಹಳ ಸ್ವಲ್ಪ, ಮಾತನಾಡುವಾಗ ಒಂದು ಆಂಪಿಯರಿನ ಆಸುಪಾಸು ತಿನ್ನುತ್ತದೆ. ಒಮ್ಮೆ ಚಾರ್ಜು ಮಾಡಿದರೆ ಹಲವು ಸಂಜೆಗಳು ಬರುತ್ತವೆ.

ಹಳ್ಳಿಯಲ್ಲಿರುವವನಿಗೆ ಈ ಹವ್ಯಾಸದಲ್ಲಿ ಒಂದು ದೊಡ್ಡ ಅನುಕೂಲವುಂಟು. ಪಟ್ಟಣದಲ್ಲಿ ಸಾವಿರ ಯಂತ್ರಗಳ ಗೊರಗೊರ ಸದ್ದು ರೇಡಿಯೋ ಒಳಗೆ ತುಂಬಿ ಸಣ್ಣ ದನಿ ಮುಳುಗಿಹೋಗುತ್ತದೆ. ಇಲ್ಲಿ ಅದು ಕಡಮೆ. ಇಲ್ಲವೇ ಇಲ್ಲವೆಂದಲ್ಲ. ಕೆರೆ ಹಿಂದಿನ ತೋಟಕ್ಕೆ ಹಂದಿ ಬಾರದಂತೆ ಹಾಕಿರುವ ಐಬೆಕ್ಸ್ ಬೇಲಿ ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುವುದು ನನಗೆ ಕೋಣೆಯಲ್ಲಿ ಕೇಳಿಸುತ್ತದೆ. ಎಲೆ ತಾಗಿ ಬೇಲಿಯ ತಂತಿಯಲ್ಲಿ ಕಿಡಿ ಹಾರತೊಡಗಿದರೆ ಆ ಸದ್ದು ಗಡುಸಾಗುತ್ತದೆ. ಹಾಗೆ ಎರಡು ಸಲ ತೋಟದವರಿಗೆ ನಾನೇ ಹೋಗಿ ಹೇಳಿದ್ದುಂಟು. ಹೋಗಿ ನೋಡಿದರೆ ಬಾಳೆ ಎಲೆ ಬಾಗಿತ್ತು. ರಾತ್ರಿ ಸರದಿಯ ವಾರದಲ್ಲಿ ಮೂರು ಫೇಸ್ ಕರೆಂಟು ಬಂದ ಕೂಡಲೆ ರೇಡಿಯೋ ಗದ್ದಲ ಏರುತ್ತದೆ, ತಾವು ಸ್ಟಾರ್ಟರು ಒತ್ತಲು ಟಾರ್ಚು ಹಿಡಿದು ಹೊರಡುವ ಹೊತ್ತು ಅದು. ಊರಿಗೆ ಊರೇ ಕತ್ತಲಾದಾಗ ತಾವು ಶಪಿಸುತ್ತೀರಿ. ಆ ಹೊತ್ತು ನನ್ನ ಪೆಟ್ಟಿಗೆ ಮಂಜಿನ ಬೆಳಗಿನ ಹೊಲದಂತೆ ನಿಶ್ಶಬ್ದವಾಗಿರುತ್ತದೆ, ಎಲ್ಲಿಯೋ ದೂರದ ಮೋರ್ಸ್ ದನಿ ಒಂದೊಂದೇ ಹನಿಯಾಗಿ ತೊಟ್ಟಿಕ್ಕುತ್ತದೆ. ಕ್ಷಮಿಸಬೇಕು, ಕರೆಂಟು ಹೋದಾಗ ಸಂತೋಷಪಡುವವನು ಈ ಊರಿನಲ್ಲಿ ನಾನೊಬ್ಬನೆ.

ಯಾರೊಡನೆ ಏನು ಮಾತನಾಡುತ್ತೀರಿ ಎಂದು ಬಹಳ ಜನ ಕೇಳಿದ್ದಾರೆ. ನನ್ನ ಮೊದಲ ಸಂಭಾಷಣೆ ಕೇರಳದ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯರೊಡನೆ. ಅವರು ಕೇಳಿದ ಎರಡನೆಯ ಪ್ರಶ್ನೆಯೇ "ಅಲ್ಲಿ ಮಳೆ ಹೇಗೆ?" ಎಂದು. ಮೋರ್ಸ್ ಸಂಕೇತದಲ್ಲಿ ಒಂದು ರಾತ್ರಿ ಇಟಲಿಯ ಒಬ್ಬರು ಸಿಕ್ಕಿದರು. ನನ್ನ ಸಂಕೇತನಾಮವನ್ನು ಅವರು ಮೂರು ಸಲ ತಪ್ಪಾಗಿ ಹಿಡಿದು ನಾಲ್ಕನೆಯ ಸಲ ಸರಿಯಾಗಿ ಮರಳಿಸಿದರು. ಅಷ್ಟರಲ್ಲಿ ಅಲೆ ಕುಗ್ಗಿ ಮಾತು ಮುರಿಯಿತು. ಊರು ಹೇಳಲಿಲ್ಲ, ಬೆಳೆ ಹೇಳಲಿಲ್ಲ. ಆದರೂ ಮಾರನೆಯ ದಿನ ಮಣ್ಣು ಪರೀಕ್ಷೆಯ ಚೀಲಗಳನ್ನು ಹೊತ್ತು ತಿರುಗುವಾಗ ನನಗೆ ಭಾರ ತಿಳಿಯಲಿಲ್ಲ. ಫೋನಿನಲ್ಲಿ ಇಟಲಿಗೆ ಮಾತನಾಡಬಹುದಲ್ಲ ಎನ್ನುವವರುಂಟು. ಪೇಟೆಯಲ್ಲಿ ಸೊಪ್ಪು ಸಿಗುತ್ತದೆಂದು ತಾವು ಹಿತ್ತಿಲಲ್ಲಿ ಮಡಿ ಮಾಡುವುದನ್ನು ಬಿಟ್ಟಿದ್ದೀರೇನು?

ಹಾಗೆಂದು ಇದು ಆಟ ಮಾತ್ರವೂ ಅಲ್ಲ. 2004ರ ಡಿಸೆಂಬರಿನಲ್ಲಿ ದೆಹಲಿಯ ಭಾರತಿ ಪ್ರಸಾದ್ ಎಂಬ ಮಹಿಳೆ ತಮ್ಮ ಸಂಗಡಿಗರೊಡನೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಿ ಕೇಂದ್ರ ನಡೆಸುತ್ತಿದ್ದರು. 26ನೆಯ ತಾರೀಖು ಸುನಾಮಿ ಬಡಿದು ದ್ವೀಪಗಳ ಸಂಪರ್ಕ ಕಡಿದಾಗ ಅವರ ಆ ಹವ್ಯಾಸದ ಯಂತ್ರವೇ ಕ್ಷೇಮಸಮಾಚಾರ ಮುಟ್ಟಿಸುವ ದಾರಿಯಾಯಿತು. ನಮ್ಮಲ್ಲಿ ಸಮುದ್ರವಿಲ್ಲ. ಆದರೆ ಗಾಳಿಮಳೆಗೆ ಕಂಬ ಉರುಳಿ ಎರಡು ದಿನ ಕರೆಂಟಿಲ್ಲದೆ, ಟವರೂ ಸತ್ತು, ಹೆರಿಗೆಯ ಹೆಣ್ಣುಮಗಳನ್ನು ಗಾಡಿಯಲ್ಲಿ ಒಯ್ದದ್ದು ಇಲ್ಲಿಯವರಿಗೆ ನೆನಪಿದೆ. ಅಂದು ನನ್ನ ಪೆಟ್ಟಿಗೆ ಇನ್ನೂ ಸಿದ್ಧವಾಗಿರಲಿಲ್ಲ. ಸಿದ್ಧವಾಗಿದ್ದರೂ ಇಲ್ಲಿಂದ ಕೂಗಿದ್ದನ್ನು ತಾಲ್ಲೂಕು ಕೇಂದ್ರದಲ್ಲಿ ಕೇಳುವ ಇನ್ನೊಬ್ಬ ಇರಬೇಕಲ್ಲ. ಒಬ್ಬನೇ ಹ್ಯಾಮ್ ಇದ್ದರೆ ಒಂದೇ ಎತ್ತು ಇದ್ದಂತೆ. ಆ ಹುಡುಗನ ವಿಚಾರದಲ್ಲಿ ನನಗೆ ಇಷ್ಟು ಆಸೆ ಏಕೆಂಬುದು ಈಗ ತಮಗೆ ತಿಳಿದಿರಬಹುದು.

ಇದಕ್ಕೆ ಕಟ್ಟುಕಟ್ಟಳೆಗಳಿವೆ. ಪರೀಕ್ಷೆ ಪಾಸು ಮಾಡಿ ಕೇಂದ್ರ ಸರ್ಕಾರದಿಂದ ಲೈಸೆನ್ಸ್ ಪಡೆಯದೆ ಒಂದು ಮಾತನ್ನೂ ಗಾಳಿಗೆ ಬಿಡಕೂಡದು, ಬಿಟ್ಟರೆ ಅಪರಾಧ. ಬೆಂಗಳೂರಿನ ಹವ್ಯಾಸಿ ಸಂಘಗಳಲ್ಲಿ ಪರೀಕ್ಷೆಗೆ ತರಬೇತಿ ದೊರೆಯುತ್ತದೆ. ಲೈಸೆನ್ಸ್ ಬಂದವನ ಸಂಕೇತನಾಮ ನಮ್ಮ ದೇಶದಲ್ಲಿ ವಿ.ಯು. ಅಕ್ಷರಗಳಿಂದ ಮೊದಲಾಗುತ್ತದೆ. ವ್ಯಾಪಾರದ ಮಾತು ಆಡುವಂತಿಲ್ಲ; ಟೊಮೇಟೊ ಧಾರಣೆ ಕೇಳಿ ಹೇಳಿ ಎಂದು ದಯಮಾಡಿ ನನ್ನನ್ನು ಒತ್ತಾಯಿಸಬೇಡಿ. ಗುಟ್ಟಿನ ಮಾತೂ ಸಲ್ಲದು, ಆಡಿದ್ದು ಲೋಕಕ್ಕೆಲ್ಲ ಕೇಳಿಸುತ್ತದೆ.

ತಂತಿ ಕಟ್ಟುವ ಹುಡುಗನೂ ಅವನ ತಂದೆಯವರೂ ಈ ಮಾತನ್ನು ಮಾತ್ರ ಗಮನವಿಟ್ಟು ಕೇಳಬೇಕು. 7 ಮೆಗಾಹರ್ಟ್ಸಿಗೆ ತಂತಿಯ ಒಟ್ಟು ಉದ್ದ ಸುಮಾರು 20 ಮೀಟರು. ನಡುವೆ ಕತ್ತರಿಸಿ ಎರಡು ತೋಳು ಮಾಡಿ ಕೇಬಲ್ಲು ಜೋಡಿಸಬೇಕು. ಐದಾರು ಮೀಟರು ಎತ್ತರವಾದರೂ ಹತ್ತಿರದ ಊರುಗಳಿಗೆ ಸಾಕು. ಆದರೆ ವಿದ್ಯುತ್ ತಂತಿ ಹಾದುಹೋದ ಕಡೆ, ಅದರ ಮೇಲಾಗಲಿ ಕೆಳಗಾಗಲಿ, ಕಡಿದು ಬಿದ್ದರೆ ತಾಗುವಷ್ಟು ಹತ್ತಿರವಾಗಲಿ ಕಟ್ಟಲೇಬಾರದು. ಮಳೆ ಓಡಿಸುತ್ತದೆಂಬ ಭಯ ಸುಳ್ಳು. ಕರೆಂಟು ತಾಗುತ್ತದೆಂಬ ಭಯ ನಿಜ. ಗುಡುಗು ಕೇಳಿಸಿದ ಮೇಲೆ ಪೆಟ್ಟಿಗೆಯ ಹತ್ತಿರ ಕೂರಕೂಡದು. ಸಿಡಿಲಿನ ಕಾಲದಲ್ಲಿ ಮೋಡ ಕಾಣುವ ಮೊದಲೇ ಕೇಬಲ್ಲನ್ನು ಕಳಚಿ ಮನೆಯ ಹೊರಗೆ ಹಾಕಿಬಿಡಬೇಕು. ದೂರದ ಮಿಂಚಿಗೆ ರೇಡಿಯೋ ಚಟಚಟ ಎನ್ನುವುದನ್ನು ಹಳೆಯ ಟ್ರಾನ್ಸಿಸ್ಟರಿನಲ್ಲಿ ಹಿರಿಯರು ಕೇಳಿದ್ದಾರೆ. ಆ ಎಚ್ಚರಿಕೆಯನ್ನು ಪೆಟ್ಟಿಗೆಯೇ ಮುಂಚಿತವಾಗಿ ಕೊಡುತ್ತದೆ.

ಆ ಅಜ್ಜಿಯ ಪ್ರಶ್ನೆ ಹಾಗೆಯೇ ಉಳಿಯಿತಲ್ಲ. 2024ರಲ್ಲಿ ತಂತಿ ಅಲ್ಲೇ ಇತ್ತು, ಮಳೆ ಚೆನ್ನಾಗಿಯೇ ಆಯಿತು. ನಾನು ಬೀಗುತ್ತ ಹೋಗಿ ಹೇಳಿದೆ: "ನೋಡಿದಿರಾ ಅಜ್ಜೀ, ತಂತಿ ಇದ್ದರೂ ಮಳೆ ಬಂತು." ಅಜ್ಜಿ ಹಾಲು ಅಳೆಯುತ್ತಲೇ, "ಹಂಗಾದ್ರೆ ನಿನ್ನ ತಂತಿಯಿಂದ್ಲೇ ಬಂತು ಅನ್ನು," ಎಂದರು. ಅದಕ್ಕೂ ಇಲ್ಲವೆಂದೇ ಹೇಳಿ ಬಂದಿದ್ದೇನೆ.

ಬರುವ ಭಾನುವಾರ ಸಂಜೆ ಐದು ಗಂಟೆಗೆ ನನ್ನ ಕೋಣೆಯ ಮುಂದೆ ಪೆಟ್ಟಿಗೆಯನ್ನು ಹೊರಗಿಟ್ಟು ಎಲ್ಲರಿಗೂ ಕೇಳಿಸುತ್ತೇನೆ. ಕತ್ತಲಾಗುವವರೆಗೆ ಇದ್ದರೆ ದೂರದ ದನಿಗಳೂ ಬಂದಾವು, ಬಾರದೆಯೂ ಇದ್ದಾವು. ನನ್ನ ಬ್ಯಾಟರಿ ಹಳೆಯದಾಗಿದೆ, ಯಾರಾದರೂ ಅಂದಿಗೆ ಸಿಂಪಡಣೆ ಪಂಪಿನ ಬ್ಯಾಟರಿಯನ್ನು ಚಾರ್ಜು ಮಾಡಿ ಕೊಡುವಿರಾದರೆ ಉಪಕಾರವಾದೀತು. ಸೋಮವಾರ ಬೆಳಿಗ್ಗೆ ಔಷಧಿ ಹೊಡೆಯುವ ಹೊತ್ತಿಗೆ ಮುಂಚೆ ತಂದು ಮುಟ್ಟಿಸುತ್ತೇನೆ.